ಒಂದು ಪೈಸೆಯೂ ಕಳೆಯದ ಲೆಕ್ಕ

ಡಿಸೆಂಬರ್ ಎರಡನೇ ವಾರ ದಾಟಿತೆಂದರೆ ನಮ್ಮ ಆಫೀಸಿನಲ್ಲಿ ಗಲಾಟೆ ಕಡಿಮೆಯಾಗುತ್ತದೆ. ಅಮೆರಿಕದ ಕ್ಲೈಂಟುಗಳು ಒಬ್ಬೊಬ್ಬರಾಗಿ ರಜೆಯ ಮೇಲೆ ಹೋಗುತ್ತಾರೆ. ಹೊಸ ಕೋಡ್ ಯಾರೂ ಹಾಕಬಾರದೆಂದು ಫ್ರೀಜ್ ಘೋಷಣೆಯಾಗುತ್ತದೆ. ಉಳಿದವರಿಗೆ ಲೆಕ್ಕ ಒಪ್ಪಿಸುವ ಕೆಲಸ: ವರ್ಷದ ಗುರಿಗಳಲ್ಲಿ ಎಷ್ಟು ಮುಟ್ಟಿದೆವು, ಎಷ್ಟು ರಜೆ ಉಳಿಯಿತು, ಬಜೆಟ್ಟಿನಲ್ಲಿ ಎಷ್ಟು ಮಿಕ್ಕಿತು. ಹದಿನೇಳು ವರ್ಷದಿಂದ ಇದೇ ಕೆಲಸ ಮಾಡಿ ಕೈ ಪಳಗಿದೆ. ಸಂಖ್ಯೆಗಳು ಒಂದಕ್ಕೊಂದು ತಾಳೆಯಾದರೆ ಸಿಗುವ ಸಮಾಧಾನ ನನಗೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯೂ ಇಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಲೆಕ್ಕ ಕಾದಿರುತ್ತದೆ. ಪುಣೆಯಲ್ಲಿರುವ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯ ಸ್ತ್ರೀಯರ ಸಂಘಕ್ಕೆ ನಾನು ಖಜಾಂಚಿ. ನಮಗೆ ಸ್ವಂತ ದೇವಾಲಯವಿಲ್ಲ. ಬೇರೆಯವರ ದೇವಾಲಯದಲ್ಲಿ, ಅವರ ಮರಾಠಿ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡ ಆರಾಧನೆ. ಸುಮಾರು ಅರವತ್ತು ಕುಟುಂಬಗಳಿವೆ. ಗದಗ, ಧಾರವಾಡ, ಮಂಗಳೂರು ಕಡೆಯಿಂದ ಓದಿ ನೌಕರಿಗೆ ಬಂದ ನನ್ನಂಥವರು ಒಂದಷ್ಟು. ಬೀದರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ ಬಂದವರು ಇನ್ನೊಂದಷ್ಟು. ಊರಿನಲ್ಲಿದ್ದರೆ ಈ ಎರಡು ಗುಂಪು ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವೋ ಇಲ್ಲವೋ. ಇಲ್ಲಿ ಕನ್ನಡವೇ ನಮ್ಮನ್ನು ಒಂದೇ ಬೆಂಚಿನ ಮೇಲೆ ಕೂರಿಸಿದೆ.

ಕಳೆದ ವರ್ಷದ ಕೊನೆಯಲ್ಲಿ ಈ ಎರಡನೇ ಲೆಕ್ಕ ನನ್ನನ್ನು ಕಾಡಿತು. ಅದು ತಾಳೆಯಾಗಲಿಲ್ಲ ಎಂದಲ್ಲ. ಪೂರ್ತಿ ತಾಳೆಯಾಯಿತು, ಅದೇ ತೊಂದರೆ.

ಮೊದಲು ಒಂದು ಪದದ ಬಗ್ಗೆ ಹೇಳಬೇಕು. ನಮ್ಮ ಕನ್ನಡ ಬೈಬಲಿನಲ್ಲಿ 'ಮನೆವಾರ್ತೆ' ಎಂಬ ಮಾತು ಬರುತ್ತದೆ. ಇಂಗ್ಲಿಷಿನಲ್ಲಿ ಸ್ಟೀವರ್ಡ್ ಅನ್ನುತ್ತಾರಲ್ಲ, ಅವನನ್ನು ಹಳೆಯ ಅನುವಾದಕರು 'ಮನೆವಾರ್ತೆಯವನು' ಎಂದರು. ಮನೆ ಯಜಮಾನನದು, ಉಗ್ರಾಣದ ಬೀಗದಕೈ ಮಾತ್ರ ಇವನ ಸೊಂಟದಲ್ಲಿ. ನಮ್ಮ ಹಳೆಯ ಶಾಸನಗಳಲ್ಲಿ ಬರುವ 'ಮನೆವೆರ್ಗಡೆ' ಎಂಬ ಅಧಿಕಾರಿಯೂ ಹೆಚ್ಚುಕಡಿಮೆ ಇಂಥದೇ ಕೆಲಸದವನು, ಅರಮನೆಯ ಉಸ್ತುವಾರಿಯವನು. ಕ್ರೈಸ್ತರ ನಂಬಿಕೆಯಲ್ಲಿ ಮನುಷ್ಯರೆಲ್ಲರೂ ಮನೆವಾರ್ತೆಯವರೇ. ಹಣ, ಕಾಲ, ವಿದ್ಯೆ, ದೇಹ, ಮಕ್ಕಳು ಯಾವುದೂ ನಮ್ಮ ಸ್ವಂತದ್ದಲ್ಲ, ನೋಡಿಕೊಳ್ಳಲು ಕೊಟ್ಟದ್ದು. ಹಾಗೆ ನೋಡಿಕೊಳ್ಳುವವರಲ್ಲಿ ಇರಬೇಕಾದ ಗುಣಕ್ಕೆ ನಮ್ಮ ಬೈಬಲಿನ ಪದ 'ನಂಬಿಗಸ್ತ'. ನಂಬಿ ಒಪ್ಪಿಸಬಹುದಾದವನು ಎಂದರ್ಥ.

ವರ್ಷದ ಕೊನೆಗೆ ಈ ಎರಡು ಪದಗಳು ನಮ್ಮಲ್ಲಿ ಹೆಚ್ಚು ಕೇಳಿಬರುತ್ತವೆ. ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಕೂತು, ಹನ್ನೆರಡು ಹೊಡೆಯುವವರೆಗೆ ವರ್ಷವನ್ನು ಹಿಂದಿರುಗಿ ನೋಡುವ ಪದ್ಧತಿಯಿದೆ. ಹೆಂಗಸರ ಕೂಟದಲ್ಲಿ ಈ ವಿಷಯ ಬಂದಾಗ ಮಾತು ಬಹುಪಾಲು ಮಿತವ್ಯಯದ ಕಡೆಗೇ ಹರಿಯುತ್ತದೆ. ಹಬ್ಬಕ್ಕೆ ಸಾಲ ಮಾಡಬೇಡಿ, ಅನ್ನ ಚೆಲ್ಲಬೇಡಿ, ಮೊಬೈಲಿನಲ್ಲಿ ಹೊತ್ತು ಕಳೆಯಬೇಡಿ, ದಶಮಾಂಶ ತಪ್ಪಿಸಬೇಡಿ. ಒಂದೂ ತಪ್ಪು ಮಾತಲ್ಲ. ಆದರೆ ಎಲ್ಲವೂ 'ಬೇಡಿ'ಯಲ್ಲೇ ಮುಗಿಯುತ್ತವೆ. ಕಳೆಯದಿರುವುದು, ಚೆಲ್ಲದಿರುವುದು, ತಪ್ಪಿಸದಿರುವುದು. ಹೆಣ್ಣಿನ ಮನೆವಾರ್ತೆ ಎಂದರೆ ಸೋರುವ ಕೊಡವನ್ನು ಕೈಯಿಂದ ಮುಚ್ಚಿ ಹಿಡಿಯುವುದು ಅಂತ ನಾವೆಲ್ಲ ಎಲ್ಲೋ ನಂಬಿಬಿಟ್ಟಿದ್ದೇವೆ. ನಾನಂತೂ ನಂಬಿದ್ದೆ.

ನಮ್ಮ ಸಂಘದ ಸಹಾಯ ನಿಧಿ ಸಣ್ಣದು. ತಿಂಗಳಿಗೆ ಐವತ್ತು, ನೂರು ರೂಪಾಯಿ ಚಂದಾ. ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ತೆಂಗಿನಕಾಯಿ, ಕುಂಬಳಕಾಯಿ, ಕೇಕುಗಳನ್ನು ಆರಾಧನೆಯಾದ ಮೇಲೆ ಹರಾಜು ಹಾಕುತ್ತೇವೆ, ಅದರಲ್ಲೊಂದು ಪಾಲು. ಕ್ರಿಸ್‌ಮಸ್ಸಿಗೆ ಮೊದಲು ಎರಡು ಶನಿವಾರ ಯಾರದಾದರೂ ಮನೆಯಲ್ಲಿ ಸೇರಿ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ ಮಾಡಿ ಮಾರುತ್ತೇವೆ, ಅದರ ಲಾಭ ಪೂರ್ತಿ. ನಾನು ಖಜಾಂಚಿಯಾದಾಗ ನಿಧಿಯಲ್ಲಿ ಎಪ್ಪತ್ತು ಸಾವಿರ ಚಿಲ್ಲರೆ ಇತ್ತು. ಕಳೆದ ಡಿಸೆಂಬರಿಗೆ, ನಾಲ್ಕನೇ ವರ್ಷದ ಕೊನೆಯಲ್ಲಿ, 1,86,450 ರೂಪಾಯಿ. ಬಹುಪಾಲು ಫಿಕ್ಸೆಡ್ ಡಿಪಾಸಿಟ್ಟಿನಲ್ಲಿ. ಆ ವರ್ಷ ನಿಧಿಯಿಂದ ಹೊರಗೆ ಹೋದದ್ದು 6,500 ರೂಪಾಯಿ, ಒಂದು ಮನೆಯ ಮಣ್ಣಿನ ಖರ್ಚಿಗೆ.

ಡಿಸೆಂಬರ್ ಎರಡನೇ ಭಾನುವಾರ ಲೆಕ್ಕಪತ್ರ ಓದಿದೆ. ಲೆಕ್ಕ ತಪಾಸಣೆ ಮಾಡಿದ ಹಿರಿಯರು ಎದ್ದು ನಿಂತು, ಇಷ್ಟು ವರ್ಷದಲ್ಲಿ ಇಂಥ ಲೆಕ್ಕ ನೋಡಿಲ್ಲ, ಒಂದು ಪೈಸೆಯೂ ಆಚೀಚೆಯಿಲ್ಲ, ಪ್ರತಿಯೊಂದಕ್ಕೂ ರಸೀದಿ ಇದೆ ಎಂದರು. ಚಪ್ಪಾಳೆ ಬಿತ್ತು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಅದಾದ ಮುಂದಿನ ಶನಿವಾರ ನಮ್ಮ ಮನೆಯಲ್ಲೇ ಕರ್ಚಿಕಾಯಿ ಕೆಲಸ. ನೆಲದ ಮೇಲೆ ಹಳೆಯ ಸೀರೆ ಹಾಸಿ ಹತ್ತು ಹನ್ನೆರಡು ಜನ ಕೂತಿದ್ದೆವು. ನನ್ನ ಎದುರಿಗೆ ಕೂತು ಹಿಟ್ಟು ಲಟ್ಟಿಸುತ್ತಿದ್ದವಳು ಬೀದರ ಕಡೆಯವಳು. ನಾಲ್ಕು ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಆಕೆಯ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಚುಚ್ಚಿಕೊಂಡಿದ್ದಳು. ಹಾಗೆ ಕಡ್ಡಿ ಚುಚ್ಚಿಕೊಂಡ ಕಿವಿಯ ಅರ್ಥ ನಮ್ಮ ಕಡೆಯ ಹೆಂಗಸರಿಗೆ ಕೇಳದೆಯೇ ತಿಳಿಯುತ್ತದೆ. ಓಲೆ ಎಲ್ಲೋ ಅಡವಿದೆ.

ಆಗ ಆಗಸ್ಟ್ ನೆನಪಾಯಿತು.

ಆಗಸ್ಟಿನ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆಕೆ ನನ್ನ ಹತ್ತಿರ ಬಂದಿದ್ದಳು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. "ಅಕ್ಕೋರೆ, ಫೀಸ್ ಕಟ್ಟಲಾಕ ಹದಿನೆಂಟು ಸಾವಿರ ಕಮ್ಮಿ ಬೀಳಾಕತ್ತದ. ಗುರುವಾರ ತನಕ ಟೈಮ್ ಅದ. ಸಂಘದಾಗ ಏನರ ಆಗ್ತದೇನ್ರಿ?" ನಾನು ಒರಟಾಗಿ ಮಾತಾಡಲಿಲ್ಲ. ಅರ್ಜಿ ಕೊಡಬೇಕು, ಕಾಲೇಜಿನಿಂದ ಬೋನಫೈಡ್ ತರಬೇಕು, ಸಮಿತಿಯ ಇಬ್ಬರ ಸಹಿ ಬೇಕು, ಹತ್ತು ಸಾವಿರ ಮೀರಿದರೆ ಸಮಿತಿ ಸಭೆಯಲ್ಲೇ ಒಪ್ಪಿಗೆಯಾಗಬೇಕು, ಸಭೆ ಅಕ್ಟೋಬರಿನಲ್ಲಿದೆ ಎಂದು ತಿಳಿಸಿ ಹೇಳಿದೆ. ಅರ್ಜಿಯ ನಮೂನೆಯನ್ನು ಆಕೆಯ ವಾಟ್ಸಾಪಿಗೂ ಕಳಿಸಿದೆ. ಅದು ಇಂಗ್ಲಿಷಿನಲ್ಲಿತ್ತು. ಆಕೆ ಎಲ್ಲ ಕೇಳಿಸಿಕೊಂಡು, "ಇರ್ಲಿ ಬಿಡ್ರಿ ಅಕ್ಕೋರೆ, ನೋಡ್ತೀನಿ" ಎಂದು ಹೋದಳು. ಮುಂದಿನ ವಾರ ಕೆಲಸದ ಒತ್ತಡದಲ್ಲಿ ನಾನು ಮರೆತೆ. ಅಕ್ಟೋಬರಿನ ಸಭೆಗೆ ಯಾವ ಅರ್ಜಿಯೂ ಬಂದಿರಲಿಲ್ಲ. 'ಅರ್ಜಿಗಳು: ಇಲ್ಲ' ಎಂದು ನಡಾವಳಿ ಬರೆದವಳೂ ನಾನೇ.

ಕರ್ಚಿಕಾಯಿ ಎಣ್ಣೆಗೆ ಬಿಡುತ್ತ ಮೆಲ್ಲಗೆ ಕೇಳಿದೆ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಓಲೆ ಸೇಟು ಅಂಗಡಿಯಲ್ಲಿದೆ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಆಕೆ ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಬಸ್ಸಿನ ಟಿಕೆಟ್ಟಿನ ದರ ಹೇಳಿದಂತೆ ಹೇಳಿದಳು. ಆಕೆ ಕೈಯಾರೆ ಲಟ್ಟಿಸಿದ ಕರ್ಚಿಕಾಯಿಯ ಲಾಭ ನಾನು ಕಾಯುವ ನಿಧಿಗೆ ಹೋಗುತ್ತದೆ. ಆ ನಿಧಿಗೆ ಬ್ಯಾಂಕು ವರ್ಷಕ್ಕೆ ನೂರಕ್ಕೆ ಏಳರ ಹತ್ತಿರ ಬಡ್ಡಿ ಕೊಡುತ್ತದೆ. ಆಕೆ ವರ್ಷಕ್ಕೆ ನೂರಕ್ಕೆ ಮೂವತ್ತಾರು ಕಟ್ಟುತ್ತಾಳೆ. ಎಂಟೆಕ್ ಓದಿದವಳಿಗೆ ಈ ಲೆಕ್ಕ ಕಷ್ಟವಲ್ಲ.

ಬೈಬಲಿನಲ್ಲಿ ತಲಾಂತುಗಳ ಸಾಮ್ಯವೊಂದಿದೆ. ಸಾಮ್ಯ ಎಂದರೆ ದೃಷ್ಟಾಂತ ಕಥೆ. ದೂರದೇಶಕ್ಕೆ ಹೊರಟ ಯಜಮಾನ ಮೂವರು ಆಳುಗಳಿಗೆ ತನ್ನ ಆಸ್ತಿ ಒಪ್ಪಿಸುತ್ತಾನೆ: ಒಬ್ಬನಿಗೆ ಐದು ತಲಾಂತು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು. ಮೊದಲಿಬ್ಬರು ವ್ಯಾಪಾರ ಮಾಡಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ನೆಲ ಅಗೆದು ಹೂತಿಟ್ಟು, ಯಜಮಾನ ಬಂದಾಗ ಇದ್ದದ್ದನ್ನು ಇದ್ದಂತೆ ತಂದುಕೊಡುತ್ತಾನೆ. ಶಿಕ್ಷೆ ಅವನಿಗೆ. ತಲಾಂತು ಎಂಬುದು ಸಣ್ಣ ನಾಣ್ಯವಲ್ಲ. ಅದು ತೂಕದ ಲೆಕ್ಕ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಕೂಲಿಯವನ ಒಂದು ದಿನದ ಸಂಬಳ ಒಂದು ದಿನಾರಿ. ಅಂದರೆ ಎಲ್ಲರಿಗಿಂತ ಕಡಿಮೆ ಪಡೆದವನ ಕೈಯಲ್ಲಿಯೂ ಕೂಲಿಯವನೊಬ್ಬನ ಇಪ್ಪತ್ತು ವರ್ಷದ ದುಡಿಮೆ ಇತ್ತು. ಇಂಗ್ಲಿಷಿನಲ್ಲಿ 'ಟ್ಯಾಲೆಂಟ್' ಪದಕ್ಕೆ ಪ್ರತಿಭೆ ಎಂಬ ಅರ್ಥ ಬಂದದ್ದೂ ಇದೇ ಕಥೆಯಿಂದ.

ಚಿಕ್ಕಂದಿನಿಂದ ಈ ಕಥೆ ಕೇಳುತ್ತ ಬಂದಿದ್ದೇನೆ. ಯಾವಾಗಲೂ ನನ್ನನ್ನು ಐದು ತಲಾಂತಿನವನ ಜಾಗದಲ್ಲೇ ಇಟ್ಟುಕೊಂಡಿದ್ದೆ. ಓದಿದೆ, ದುಡಿದೆ, ಬೆಳೆದೆ, ಇನ್ನೇನು ಬೇಕು? ಆ ಶನಿವಾರ ರಾತ್ರಿ ಅಡುಗೆಮನೆಯ ಎಣ್ಣೆ ಜಿಡ್ಡು ಒರೆಸುವಾಗ ಮೊದಲ ಸಲ ಮೂರನೆಯವನ ಜಾಗದಲ್ಲಿ ನಿಂತು ನೋಡಿದೆ. ಅವನು ಕಳ್ಳನಲ್ಲ. ಕುಡಿದು ಹಾಳು ಮಾಡಲಿಲ್ಲ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅವನದು ಝೀರೋ ಡಿಫೆಕ್ಟ್ ಡೆಲಿವರಿ. ತಪಾಸಣೆಯ ಹಿರಿಯರು ಅಲ್ಲಿದ್ದಿದ್ದರೆ ಅವನಿಗೂ ಒಂದು ಪೈಸೆ ಆಚೀಚೆಯಿಲ್ಲ ಎಂದೇ ಹೇಳುತ್ತಿದ್ದರು. ಬಡ್ಡಿಗಾದರೂ ಹಾಕಬಾರದಿತ್ತೇ ಎಂದು ಯಜಮಾನ ಅವನನ್ನು ಗದರುತ್ತಾನೆ. ನಾನು ಬಡ್ಡಿಗೂ ಹಾಕಿದ್ದೆ! ಆದರೂ ನನಗೆ ಬಿಡುಗಡೆ ಸಿಗಲಿಲ್ಲ. ಅವನು ತನ್ನ ಬಾಯಿಂದಲೇ ಹೇಳುವ ಕಾರಣ ಒಂದೇ: ಭಯ. ಕಾರಣ ನನ್ನದೂ ಅದೇ.

ಹಾಗಾದರೆ ನಿಯಮಗಳೆಲ್ಲ ಕೆಟ್ಟವು, ಕೇಳಿದವರಿಗೆ ಕೇಳಿದಷ್ಟು ಕೊಡುವುದೇ ನಂಬಿಗಸ್ತಿಕೆ ಎಂದು ನಾನು ಹೇಳಿದರೆ ಅದೂ ಸುಳ್ಳಾಗುತ್ತದೆ. ಆ ನಿಯಮಗಳನ್ನು ಬರೆದವಳು ನಾನೇ, ಬರೆಯಲು ಕಾರಣವೂ ಇತ್ತು. ನನಗಿಂತ ಮೊದಲು ಖಜಾಂಚಿಯಾಗಿದ್ದವರು ದೊಡ್ಡ ಮನಸ್ಸಿನವರು. ಕಷ್ಟವೆಂದವರಿಗೆ ಕೈಯಿಂದ ಕೈಗೆ ಕೊಟ್ಟರು, ಬರೆದಿಡಲಿಲ್ಲ. ವರ್ಷದ ಕೊನೆಗೆ ಒಂಬತ್ತು ಸಾವಿರಕ್ಕೆ ಲೆಕ್ಕ ಸಿಗಲಿಲ್ಲ. ಅವರು ಒಂದು ರೂಪಾಯಿ ಮುಟ್ಟಿರಲಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಗುಸುಗುಸು ಎದ್ದಿತು. ಕೊನೆಗೆ ಅವರು ತಮ್ಮ ಕೈಯಿಂದ ಹಣ ತುಂಬಿ, ಆಮೇಲೆ ಆರು ತಿಂಗಳು ಆರಾಧನೆಗೇ ಬರಲಿಲ್ಲ. ಹೆಂಗಸರ ಕೈಯ ಹಣದ ಮೇಲೆ ಸಂಶಯದ ಕಣ್ಣು ಬೀಳುವುದು ಬೇಗ. ಗಂಡಸರ ಸಮಿತಿಯ ಲೆಕ್ಕವನ್ನು ಯಾರೂ ಕೇಳದ ವರ್ಷವೂ ಸ್ತ್ರೀಯರ ಸಂಘದ ಪುಸ್ತಕ ತರಿಸಿ ನೋಡಿದ್ದುಂಟು. ಹೀಗಾಗಿ ನನ್ನ ಭಯ ಹುಟ್ಟಿದ್ದು ಗಾಳಿಯಿಂದಲ್ಲ. ಮೂರನೆಯ ಆಳಿನದೂ ಗಾಳಿಯಿಂದ ಹುಟ್ಟಿದ್ದಲ್ಲವೇನೋ.

ಆದರೆ ಭಯದಿಂದ ಮಾಡಿದ ನಿಯಮಕ್ಕೆ ಒಂದು ಗುಣವಿದೆ. ಅದು ಮೊದಲು ಕಾಯುವುದು ನಿಯಮ ಬರೆದವರನ್ನು. ನನ್ನ ಅರ್ಜಿ, ಸಹಿ, ಬೋನಫೈಡು ಎಲ್ಲವೂ ನಿಧಿಯನ್ನು ಕಾಯುತ್ತಿವೆ ಎಂದುಕೊಂಡಿದ್ದೆ. ನಿಜವಾಗಿ ಅವು ಕಾಯುತ್ತಿದ್ದದ್ದು ನನ್ನ ಹೆಸರನ್ನು. ನಂಬಿಗಸ್ತಳು ಅನ್ನಿಸಿಕೊಳ್ಳುವುದು ಬೇರೆ, ನಂಬಿಗಸ್ತಳಾಗಿರುವುದು ಬೇರೆ. ಅನ್ನಿಸಿಕೊಳ್ಳುವುದಕ್ಕೆ ಯಾರೂ ಬೆರಳು ತೋರಿಸದಿದ್ದರೆ ಸಾಕು. ಆಗಿರುವುದಕ್ಕೆ ಆ ಹಣ ಯಾರಿಗಾಗಿ ನನ್ನ ಕೈಗೆ ಬಂತು ಎಂಬುದನ್ನು ದಿನವೂ ನೆನಪಿಡಬೇಕಾಗುತ್ತದೆ.

ನನ್ನ ಅವ್ವನ ಒಂದು ಡಬ್ಬಿ ನೆನಪಾಗುತ್ತದೆ. ನಮ್ಮದು ಬೆಟಗೇರಿ. ಸಂಜೆ ಅನ್ನಕ್ಕಿಡುವಾಗ ಅವ್ವ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಅಕ್ಕಿಯಿಲ್ಲದ ದಿನ ಜೋಳ. ದೇವರ ಹಿಡಿ ಎನ್ನುತ್ತಿದ್ದಳು. ಇದು ನಮ್ಮ ಮನೆಯದೊಂದೇ ಪದ್ಧತಿಯಲ್ಲ. ಮಿಜೋರಾಮಿನ ಕ್ರೈಸ್ತ ಹೆಂಗಸರು ನೂರು ವರ್ಷಕ್ಕೂ ಮೀರಿ, ಪ್ರತಿ ಊಟಕ್ಕೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುತ್ತ ಬಂದಿದ್ದಾರೆ. 'ಬುಹ್‌ಫಾಯ್ ಥಾಮ್' ಎನ್ನುತ್ತಾರೆ. ಮನೆಮನೆಯಿಂದ ಆ ಅಕ್ಕಿ ಕೂಡಿಸಿ, ಮಾರಿ, ಅಲ್ಲಿನ ಸಭೆಯ ಎಷ್ಟೋ ಸೇವೆ ನಡೆಯುತ್ತದೆ. ನಮ್ಮ ಮಠಗಳಿಗೆ ಸಲ್ಲುವ ಮುಷ್ಟಿ ಅಕ್ಕಿ, ಭಿಕ್ಷದ ಜೋಳವೂ ಇದರ ನೆಂಟರೇ. ಹಿಡಿ ಅಕ್ಕಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಹೆಂಗಸು ತೆಗೆದಿಡಬಲ್ಲಳು. ಹೊಲ, ಮನೆ, ಸಂಬಳ ಯಾವುದೂ ಅವಳ ಹೆಸರಿನಲ್ಲಿಲ್ಲದ ಕಾಲದಲ್ಲೂ ಅಡುಗೆಮನೆಯ ಅಳತೆಪಾವು ಅವಳ ಕೈಯಲ್ಲಿತ್ತು.

ಅವ್ವನ ಡಬ್ಬಿಯ ವಿಶೇಷ ನನಗೆ ಹೊಳೆದದ್ದು ಈಗ. ಅದು ತಿಂಗಳಿಗೊಮ್ಮೆ ಬರಿದಾಗುತ್ತಿತ್ತು. ಕೊನೆಯ ಭಾನುವಾರ ಯಾರಾದರೂ ಬಂದು ಒಯ್ಯಲೇಬೇಕು. ಬರಲಿಲ್ಲವೆಂದರೆ ಅವ್ವ ತಾನೇ ಹೊತ್ತು, ಓಣಿಯ ಕೊನೆಯ ಮನೆಯ ಮುದುಕಿಗೆ ಕೊಟ್ಟು ಬರುತ್ತಿದ್ದಳು. ಏಕೆಂದರೆ ಬಿಟ್ಟರೆ ನುಸಿ ಹಿಡಿಯುತ್ತದೆ. ಅಕ್ಕಿ ತಾನೇ ಹೇಳುತ್ತದೆ, ನನ್ನನ್ನು ಹೆಚ್ಚು ದಿನ ಇಡಬೇಡ ಎಂದು. ಹಣ ಹಾಗೆ ಹೇಳುವುದಿಲ್ಲ. ಇಟ್ಟಷ್ಟೂ ಬೆಳೆಯುತ್ತದೆ, ಇಟ್ಟವಳನ್ನು ಜಾಣೆ ಎನ್ನಿಸುತ್ತದೆ. ನನ್ನ ನಿಧಿಗೂ ನುಸಿ ಹಿಡಿದಿತ್ತು, ಪಾಸ್‌ಬುಕ್ಕಿನಲ್ಲಿ ಕಾಣಿಸುತ್ತಿರಲಿಲ್ಲ ಅಷ್ಟೆ.

ಕನ್ನಡದವರಾದ ನಾವು ಈ ಮಾತನ್ನು ಇನ್ನೊಂದು ಬಾಗಿಲಿನಿಂದಲೂ ಬಲ್ಲೆವು. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಶಾಲೆಯಲ್ಲೇ ಓದಿರುತ್ತೇವೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟೇಕೆ, ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಎಂದು ಹೆಂಡತಿ ತಿರುಗಿ ಕಳಿಸುತ್ತಾಳೆ. ಕಳೆದುಹೋದ ಅಕ್ಕಿಗೆ ಲೆಕ್ಕ ಕೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಲಕ್ಕಮ್ಮ ಹೆಚ್ಚಾದ ಅಕ್ಕಿಗೆ ಲೆಕ್ಕ ಕೇಳಿದಳು. ನನ್ನ ತಪಾಸಣೆಯ ಪುಸ್ತಕದಲ್ಲಿ ಕೊರತೆಗೆ ಒಂದು ಕಾಲಮ್ಮಿದೆ, ಹೆಚ್ಚಳಕ್ಕೆ ಚಪ್ಪಾಳೆಯಿದೆ. 1,86,450 ಏಕೆ ಇದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಸುವಾರ್ತೆಯಲ್ಲಿ ಒಬ್ಬ ಹೆಂಗಸಿನ ಪ್ರಸ್ತಾಪ ಚುಟುಕಾಗಿ ಬಂದು ಹೋಗುತ್ತದೆ. ಲೂಕನ ಎಂಟನೇ ಅಧ್ಯಾಯದಲ್ಲಿ ಯೇಸುವಿನ ಜೊತೆ ಊರೂರು ತಿರುಗುತ್ತ, ತಮ್ಮ ಆಸ್ತಿಯಿಂದ ಆ ತಂಡದ ಊಟ ಉಪಚಾರ ನೋಡಿಕೊಂಡ ಹೆಂಗಸರ ಪಟ್ಟಿಯಿದೆ. ಅದರಲ್ಲೊಬ್ಬಳು ಯೋಹಾನ. ಅವಳ ಗಂಡ ಕೂಜ ಅರಸ ಹೆರೋದನ ಮನೆವಾರ್ತೆಯವನು. ಅಂದರೆ ಮನೆವಾರ್ತೆಯ ಪದವಿ ಇದ್ದದ್ದು ಗಂಡನಿಗೆ, ಅರಮನೆಯಲ್ಲಿ. ಇವಳಿಗೆ ಪದವಿ ಇರಲಿಲ್ಲ. ಇದ್ದದ್ದನ್ನು ದಾರಿಯಲ್ಲಿ ಹಸಿದವರಿಗೆ ಖರ್ಚು ಮಾಡಿದಳು. ಎಷ್ಟು ಕೊಟ್ಟಳು, ಎಷ್ಟು ಉಳಿಸಿಕೊಂಡಳು, ಗಂಡ ಏನೆಂದ, ಒಂದನ್ನೂ ಲೂಕ ಬರೆದಿಲ್ಲ. ಇಬ್ಬರಲ್ಲಿ ನಾನು ಯಾರಿಗೆ ಹತ್ತಿರ ಎಂದು ಕೇಳಿಕೊಂಡರೆ, ಉತ್ತರ ಕೂಜ. ನನ್ನ ಡೆಸಿಗ್ನೇಷನ್ನೇ ಮ್ಯಾನೇಜರ್.

ಸಮಿತಿಗೆ ಹೋಗುವ ಮೊದಲು ಒಬ್ಬರನ್ನು ಕೇಳಬೇಕೆನ್ನಿಸಿತು. ನಿಧಿ ಶುರುವಾದಾಗಿನಿಂದ ತಿಂಗಳಿಗೆ ಐವತ್ತು ರೂಪಾಯಿ ತಪ್ಪದೆ ಕೊಡುವ ಒಬ್ಬ ಅಜ್ಜಿಯಿದ್ದಾರೆ, ಧಾರವಾಡ ಕಡೆಯವರು, ಮಗನ ಮನೆಯಲ್ಲಿರುತ್ತಾರೆ. ದೊಡ್ಡ ಮನಸ್ಸಿನಿಂದ "ಕೊಟ್ಟುಬಿಡು ಮಗಳ" ಎನ್ನುತ್ತಾರೆ, ಆ ಮಾತು ಹಿಡಿದು ಸಮಿತಿಗೆ ಹೋಗೋಣ ಎಂಬ ಎಣಿಕೆ ನನ್ನದು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಅವರು ಮೊದಲು ಕೇಳಿದ ಪ್ರಶ್ನೆ: "ಆಕಿ ರೊಕ್ಕ ತಿರುಗಿ ಕೊಡ್ತಾಳೇನು?" ಸಾಲವಲ್ಲ ಅಜ್ಜಿ, ಸಹಾಯ ಎಂದೆ. "ಹುಡುಗಿ ಖರೇನ ಕಾಲೇಜಿಗೆ ಹೊಂಟಾಳೋ ಇಲ್ಲೋ, ಯಾರರ ನೋಡ್ಯಾರೇನು?" ನನಗೆ ಸ್ವಲ್ಪ ಪೆಚ್ಚಾಯಿತು. ಕೊಡುವವರಿಗೂ ತಮ್ಮ ಐವತ್ತು ರೂಪಾಯಿಯ ದಾರಿ ತಿಳಿಯಬೇಕು. ಅದು ಅವರ ಹಕ್ಕು, ಅದನ್ನು ಹಗುರಾಗಿ ನೋಡಬಾರದು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಜ್ಜಿ ಹೇಳಿದರು: "ಕೊಡ್ರಿ. ಆದ್ರ ಬರದ ಇಡ್ರಿ. ಬರೀದ ಕೊಡೂದೂ ತಪ್ಪ, ಬರಕೋತ ಕುಂತು ಕೊಡಲಾರದ ಇರೂದೂ ತಪ್ಪ."

ಹಿಂದಿನ ಖಜಾಂಚಿ ಕೊಟ್ಟರು, ಬರೆಯಲಿಲ್ಲ. ನಾನು ಬರೆದೆ, ಕೊಡಲಿಲ್ಲ. ಇಬ್ಬರೂ ಅರ್ಧ ಅರ್ಧ ಮನೆವಾರ್ತೆ ಮಾಡಿದೆವು.

ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಸಮಿತಿಯ ಮುಂದೆ ಮೂರು ಮಾತು ಇಟ್ಟೆ. ಒಂದು, ಫೀಸು, ಆಸ್ಪತ್ರೆಯಂಥ ತುರ್ತಿಗೆ ಹತ್ತು ಸಾವಿರದವರೆಗೆ ಇಬ್ಬರು ಸದಸ್ಯರ ಮಾತಿನ ಮೇಲೆ ಅಂದೇ ಕೊಡುವುದು, ಕಾಗದಪತ್ರ ಮೂವತ್ತು ದಿನದೊಳಗೆ. ಅರ್ಜಿ ಕನ್ನಡದಲ್ಲಿ, ಬರೆಯಲು ಬಾರದವರಿಗೆ ಖಜಾಂಚಿಯೇ ಬರೆದುಕೊಡುವುದು. ಎರಡು, ವರ್ಷದ ಶುರುವಿಗೆ ಇರುವ ನಿಧಿಯಲ್ಲಿ ಮೂರನೇ ಒಂದು ಭಾಗವಾದರೂ ಮುಂದಿನ ಸುಗ್ಗಿ ಹಬ್ಬದೊಳಗೆ ಖರ್ಚಾಗಬೇಕು, ಆಗದಿದ್ದರೆ ಏಕೆ ಆಗಲಿಲ್ಲವೆಂದು ಖಜಾಂಚಿ ಸಭೆಗೆ ಉತ್ತರ ಕೊಡಬೇಕು. ಮೂರು, ಲೆಕ್ಕಪತ್ರಕ್ಕೆ ಹೊಸದೊಂದು ಕಾಲಮ್ಮು: ಕೇಳಿಕೊಂಡು ಬಂದು ಬರಿಗೈಯಲ್ಲಿ ಹೋದವರು ಎಷ್ಟು ಜನ, ಏಕೆ. ಹೆಸರು ಬೇಡ, ಸಂಖ್ಯೆ ಮತ್ತು ಕಾರಣ ಸಾಕು.

ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಕಷ್ಟಕಾಲಕ್ಕೆಂದು ಕೂಡಿಟ್ಟದ್ದನ್ನು ಹೀಗೆ ಬರಿದು ಮಾಡಿದರೆ ನಾಳೆ ದೊಡ್ಡ ಕಷ್ಟ ಬಂದಾಗ ಏನು ಮಾಡುತ್ತೀರಿ ಎಂದು ಒಬ್ಬರು ಕೇಳಿದರು. ಕೊರೋನಾ ಕಾಲ ನೆನಪಿರುವ ಯಾರೂ ಆ ಪ್ರಶ್ನೆಯನ್ನು ತಳ್ಳಿಹಾಕಲಾರರು. ಅದಕ್ಕೇ ಮೂರನೇ ಒಂದು ಭಾಗ, ಪೂರ್ತಿಯಲ್ಲ ಎಂದೆ. ಹತ್ತು ಸಾವಿರ ಐದಕ್ಕೆ ಇಳಿಯಿತು. ಮೂರನೇ ಕಾಲಮ್ಮಿನ ಬಗ್ಗೆಯೇ ಹೆಚ್ಚು ತಕರಾರು. ನಮ್ಮ ಲೆಕ್ಕದಲ್ಲಿ ನಮ್ಮ ಮರ್ಯಾದೆ ನಾವೇ ತೆಗೆದುಕೊಳ್ಳುವುದೇಕೆ ಎಂದರು. ಕೊನೆಗೆ ಒಂದು ವರ್ಷ ನೋಡೋಣ ಎಂದಾಯಿತು.

ಆ ಸಂಜೆಯೇ ಆಕೆಯ ಮನೆಗೆ ಹೋದೆ. ಓಲೆ ಬಿಡಿಸಲು ಎಷ್ಟು ಬೇಕೋ ಅಷ್ಟಕ್ಕೆ ಅರ್ಜಿ ನಾನೇ ಬರೆಯುತ್ತೇನೆ ಎಂದೆ. ಆಕೆ ಚಹಾ ಕೊಟ್ಟಳು. "ಬ್ಯಾಡ್ರಿ ಅಕ್ಕೋರೆ, ಈಗ ಸಂಬಳದಾಗ ಜರ ಜರ ತೀರಸಾಕತ್ತೀನಿ. ಜೂನಾಗ ಎರಡನೇ ವರ್ಸದ್ದು ಫೀಸ್ ಬರ್ತದ, ಅವಾಗ ನೋಡ್ರಿ." ಒತ್ತಾಯ ಮಾಡಿದೆ, ಒಪ್ಪಲಿಲ್ಲ. ಆಗಸ್ಟಿನಲ್ಲಿ ಬೇಕಾಗಿದ್ದದ್ದನ್ನು ಡಿಸೆಂಬರಿನಲ್ಲಿ ಕೊಟ್ಟು ನಾನು ಹಗುರಾಗಲು ಹೊರಟಿದ್ದೆ. ಅದಕ್ಕೆ ಆಕೆ ಅವಕಾಶ ಕೊಡಲಿಲ್ಲ. ಸರಿಯೇ ಇರಬೇಕು. ಮಾಡದ ಕೆಲಸಕ್ಕೆ ವರ್ಷದ ಕೊನೆಯಲ್ಲಿ ತೇಪೆ ಹಾಕಿ 'ಮುಗಿದಿದೆ' ಎಂದು ತೋರಿಸುವುದು ನಮ್ಮ ಆಫೀಸಿನಲ್ಲಿ ನಡೆಯುತ್ತದೆ. ಎಲ್ಲ ಕಡೆ ನಡೆಯುವುದಿಲ್ಲ. ಫೋನಿನಲ್ಲಿ ಜೂನ್ 1ಕ್ಕೆ ರಿಮೈಂಡರ್ ಹಾಕಿಕೊಂಡೆ.

ಆ ಜೂನ್ ಬಂದು ಹೋಯಿತು, ಎರಡನೇ ವರ್ಷದ ಫೀಸಿನಲ್ಲಿ ನಿಧಿಯ ಪಾಲು ಸಕಾಲಕ್ಕೆ ಹೋಯಿತು. ರಸೀದಿ ಇದೆ. ಇದನ್ನು ಹೇಳಿದ್ದು ಕಥೆ ಸುಖವಾಗಿ ಮುಗಿಯಿತು ಎನ್ನುವುದಕ್ಕಲ್ಲ. ಆ ಕಾಲಮ್ಮಿನಲ್ಲಿ ಈ ವರ್ಷವೂ ಎರಡು ನಮೂದು ಇವೆ. ಒಂದರಲ್ಲಿ ನಾವು ಕೊಡದಿದ್ದದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ. ಇನ್ನೊಂದರ ಬಗ್ಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೂ ಬರೆದಿಡುವ ಜಾಗವೊಂದು ಈಗ ಪುಸ್ತಕದಲ್ಲಿದೆ, ಅಷ್ಟು ಮಾತ್ರ ಲಾಭ.

ಇದನ್ನು ಓದುವ ನಿಮ್ಮಲ್ಲಿ ಬಹಳ ಜನ ಕ್ರೈಸ್ತರಲ್ಲ, ಯಾವ ಸಂಘದ ಖಜಾಂಚಿಯೂ ಅಲ್ಲ. ಆದರೆ ಊರು ಬಿಟ್ಟು ಬಂದ ನಮ್ಮೆಲ್ಲರ ಕೈಯಲ್ಲೂ ಏನೋ ಒಂದು ಬೀಗದಕೈ ಇದೆ. ಒಳ್ಳೆಯ ಸಂಬಳ, ಒಂದು ಪರಿಚಯ, ಒಂದು ರೆಫರಲ್, ಇಂಗ್ಲಿಷಿನಲ್ಲಿ ಅರ್ಜಿ ತುಂಬಬಲ್ಲ ಕೈ. ವರ್ಷದ ಕೊನೆಗೆ ಗಳಿಸಿದ್ದು, ಉಳಿಸಿದ್ದು, ಕಳೆದದ್ದು ಎಲ್ಲಕ್ಕೂ ಲೆಕ್ಕ ಹಾಕುತ್ತೇವೆ. ನಮ್ಮ ಬಾಗಿಲಿಗೆ ಬಂದು 'ಇರಲಿ ಬಿಡಿ' ಎಂದು ತಿರುಗಿ ಹೋದವರಿಗೆ ಮಾತ್ರ ಒಂದು ಕಾಲಮ್ಮು ಇರುವುದಿಲ್ಲ.

ನಮ್ಮ ಪುಸ್ತಕದ ಆ ಹೊಸ ಕಾಲಮ್ಮಿನ ಮೊದಲ ಸಾಲನ್ನು ಹೋದ ಡಿಸೆಂಬರ್ 31ರಂದು, ರಾತ್ರಿ ಆರಾಧನೆಗೆ ಹೊರಡುವ ಮೊದಲು ಬರೆದೆ. ತಿಂಗಳು: ಆಗಸ್ಟ್. ಬಂದವರು: ಒಬ್ಬರು. ಕೇಳಿದ್ದು: 18,000. ಕೊಟ್ಟದ್ದು: ಇಲ್ಲ. ಕಾರಣ ಎಂಬಲ್ಲಿ ಮೊದಲು 'ಅರ್ಜಿ ಬಂದಿಲ್ಲ' ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿ, 'ಖಜಾಂಚಿ ತಿರುಗಿ ಕೇಳಲಿಲ್ಲ' ಎಂದು ಬರೆದು ಸಹಿ ಮಾಡಿದೆ.